ಬಂದೂಕು ಗಿರಿನಗರದಲ್ಲಿ, ತೋಟಾ ಜೆ.ಪಿ. ನಗರದಲ್ಲಿ

ನೀವು ಇದನ್ನು ನಂಬುವುದಿಲ್ಲ. ನಂಬಿ ಅಂತ ನಾನೇನೂ ಕಾಲು ಹಿಡಿಯುವುದಿಲ್ಲ! ನಾನು ಸುಳ್ಳು ಹೇಳುತ್ತೇನೆಂದು ಜೆ.ಪಿ. ನಗರದ ಅರ್ಧ ಜನಕ್ಕೆ ಗೊತ್ತು. ಉಳಿದರ್ಧಕ್ಕೆ ನಾನೇ ಹೇಳಿದ್ದೇನೆ. ಆದರೆ ಈ ಬರಹದಲ್ಲಿ ಸುಳ್ಳು ಒಂದೇ ಒಂದು. ಉಳಿದದ್ದೆಲ್ಲ ನನ್ನ ಬೋಳುತಲೆಯಷ್ಟೇ ನಿಜ. ತಾಕತ್ತಿದ್ದರೆ ಆ ಒಂದನ್ನು ಹುಡುಕಿ.

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಬಂದೂಕು ಇಟ್ಟುಕೊಂಡ ಸಸ್ಯಾಹಾರಿ. ಅಂಥಿಂಥ ಸಸ್ಯಾಹಾರಿಯಲ್ಲ, ಕೇಕಿನಲ್ಲಿ ಮೊಟ್ಟೆ ಹಾಕಿಲ್ಲವೆಂದು ಬೇಕರಿಯವನಿಂದ ಆಣೆ ಮಾಡಿಸಿಕೊಳ್ಳುವ ಸಸ್ಯಾಹಾರಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬೀರುವಿನಲ್ಲಿ ಒಂಟಿ ನಳಿಗೆಯ ಬಂದೂಕು! ಅದೂ ಹೆಂಡತಿಯ ರೇಷ್ಮೆ ಸೀರೆಗಳ ನಡುವೆ. ಯಾವ ಮದುವೆಗೆ ಹೋದರೂ ನಮ್ಮ ಅತ್ತಿಗೆಯ ಸೀರೆಯಿಂದ ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತಿತ್ತು. 'ಯಾವ ಸೆಂಟ್ ರೀ ಇದು?' ಎಂದು ಯಾರೋ ಕೇಳಿದರೆ ಆಕೆ, 'ನಮ್ಮ ಯಜಮಾನ್ರು ತಂದಿದ್ದು' ಎಂದು ಹಲ್ಲು ಕಡಿದುಕೊಂಡೇ ನಗುತ್ತಿದ್ದರು.

ಬಂದೂಕು ಅವರ ತಂದೆಯದು. ಅರೆಕೆರೆ ಆಚೆ ಅವರಿಗೆ ರಾಗಿ ಹೊಲವಿತ್ತು. ಬನ್ನೇರುಘಟ್ಟದ ಕಡೆಯಿಂದ ಹಂದಿಗಳು ಬರುತ್ತಿದ್ದ ಕಾಲ. ಬೆಳೆ ಕಾಯಲೆಂದು ಸರ್ಕಾರ ಲೈಸೆನ್ಸ್ ಕೊಟ್ಟಿತ್ತು. ತಂದೆ ತೀರಿಕೊಂಡ ಮೇಲೆ ಲೈಸೆನ್ಸ್ ಮಗನ ಹೆಸರಿಗೆ ಬಂತು. ಆಮೇಲೆ ಹೊಲವೆಲ್ಲ ಸೈಟಾಯಿತು. ತಂದೆಯನ್ನು ಮಣ್ಣು ಮಾಡಿದ್ದ ಮೂಲೆಯ ಸಮಾಧಿ ಜಾಗವೊಂದನ್ನು ಬಿಟ್ಟು ಉಳಿದದ್ದನ್ನು ಮಾರಿ, ನನ್ನ ಷಡ್ಡಕರು ಗಿರಿನಗರದಲ್ಲಿ ಮನೆ ಕಟ್ಟಿಸಿದರು. ಹಂದಿ ಹೋಯಿತು, ರಾಗಿ ಹೋಯಿತು, ಬಂದೂಕು ಉಳಿಯಿತು.

ಲೈಸೆನ್ಸ್ ನವೀಕರಣಕ್ಕೆ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

'ಬೆಳೆ ರಕ್ಷಣೆ ಅಂತಿದೆ. ಗಿರಿನಗರದಲ್ಲಿ ಯಾವ ಬೆಳೇರಿ?'

'ಕರಿಬೇವು ಇದೆ ಸಾರ್,' ಎಂದರು ಷಡ್ಡಕರು. 'ಎರಡು ಕುಂಡದಲ್ಲಿ ಟೊಮೇಟೊ.'

'ಕಾಡುಪ್ರಾಣಿ ಕಾಟ ಇದ್ಯಾ?'

'ಪಕ್ಕದ್ಮನೆ ಹಸು ಒಂದಿದೆ ಸಾರ್. ಆದ್ರೆ ಅದಕ್ಕೆ ನಾವೇ ಬಾಳೆಹಣ್ಣು ಕೊಡೋದು.'

ಅಧಿಕಾರಿ ನಕ್ಕು ಸೀಲು ಒತ್ತಿಬಿಟ್ಟರು. ನಕ್ಕವರ ಕೈಯಲ್ಲಿ ಯಾವ ಕೆಲಸ ತಾನೇ ಆಗುವುದಿಲ್ಲ? ಆದರೆ ಹೊರಗೆ ಬಂದ ಮೇಲೆ ಷಡ್ಡಕರು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. 'ಬೆಳೆ ಕೇಳಿದ್ರು, ಪ್ರಾಣಿ ಕೇಳಿದ್ರು, ಮನೆ ವಿಳಾಸ ಕೇಳಿದ್ರು. ನಿನಗೆ ಸಿಟ್ಟು ಎಷ್ಟು ಬರತ್ತಪ್ಪಾ ಅಂತ ಒಬ್ರೂ ಕೇಳ್ಲಿಲ್ಲ ನೋಡು.'

ಕೇಳಬೇಕಿತ್ತು! ಏಕೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ. ಬಂದರೆ ಮಾತ್ರ ಮೂಗಿನ ತುದಿ ಕೆಂಪಾಗಿ, ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಹಾಗೆ ಹಾರಿದ ಟ್ರಾನ್ಸಿಸ್ಟರೊಂದು ರಸ್ತೆಯಲ್ಲಿ ಬಿದ್ದಮೇಲೂ ಸ್ವಲ್ಪ ಹೊತ್ತು ಕ್ರಿಕೆಟ್ ಕಾಮೆಂಟರಿ ಹೇಳಿತ್ತು. ತಮ್ಮ ಸಿಟ್ಟಿಗೆ ತಾವೇ ಹೆದರಿದ ಈ ಮನುಷ್ಯ ಒಂದು ಉಪಾಯ ಮಾಡಿದರು. ಬಂದೂಕನ್ನು ಗಿರಿನಗರದ ಬೀರುವಿನಲ್ಲಿಟ್ಟರು. ಅದರ ತೋಟಾಗಳನ್ನು, ಅಂದರೆ ಗುಂಡುಗಳನ್ನು, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ತಂದು ಜೆ.ಪಿ. ನಗರದ ನಮ್ಮ ಮನೆಯ ಅಟ್ಟದ ಮೇಲಿಟ್ಟರು! ಇದನ್ನು ಕಾನೂನು ಒಪ್ಪುತ್ತದೆಯೇ ಎಂದು ಕೇಳಬೇಡಿ. ನಾವೂ ಯಾರನ್ನೂ ಕೇಳಲಿಲ್ಲ.

'ಗಿರಿನಗರದಿಂದ ನಿಮ್ಮನೆಗೆ ನೇರ ಬಸ್ಸಿಲ್ಲ,' ಎಂದು ವಿವರಿಸಿದರು. 'ಬನಶಂಕರೀಲಿ ಇಳೀಬೇಕು, ಇನ್ನೊಂದು ಹಿಡೀಬೇಕು. ಇಲ್ಲಿಗ್ ಬಂದ್ಮೇಲೆ ನಿನ್ನ ಹೆಂಡ್ತಿ ಕಾಫಿ ಕುಡಿಸದೆ ಬಿಡಲ್ಲ. ವಾಪಸ್ ಹೋಗೋದು ಬೇರೆ. ಅಷ್ಟರಲ್ಲಿ ಎಂಥಾ ಸಿಟ್ಟಾದ್ರೂ ಸುಸ್ತಾಗತ್ತೆ.'

'ಮನೆಗೆ ಕಳ್ಳ ಬಂದ್ರೆ ಅಣ್ಣ?'

'ಕಾಯ್ಲಿ.'

ಇಂಥದ್ದನ್ನು ಕೇಳಿ ನನ್ನಂಥವನು ಸುಮ್ಮನಿರಲು ಸಾಧ್ಯವೇ? ಒಂದು ದಿನ ಬೆಳಿಗ್ಗೆ ಫೋನ್ ಮಾಡಿದೆ. 'ಅಣ್ಣ, ಡಬ್ಬಿ ಕಾಣ್ತಿಲ್ಲ!' ಪುಣ್ಯಾತ್ಮರು ತಿಂಡಿ ಬಿಟ್ಟು ಬಸ್ ಹತ್ತಿದರು. ಬಂದು ನೋಡಿದರೆ ಡಬ್ಬಿ ಅಟ್ಟದ ಮೇಲೆ, ನಾನು ಕೆಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮೂಗು ಕೆಂಪಾಗುವುದನ್ನೇ ಕಾದೆ. ಆಗಲಿಲ್ಲ. ಗಡಿಯಾರ ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು. 'ಒಂದೂಮುಕ್ಕಾಲು ಗಂಟೆ ಕಣೋ. ಬನಶಂಕರೀಲಿ ಬಸ್ಸೇ ಬರ್ಲಿಲ್ಲ. ಸಖತ್ತಾಗಿದೆ ವ್ಯವಸ್ಥೆ!'

ನಗೆಯಾಡಿದ್ದೇನೋ ಆಯಿತು. ಆದರೆ ಆ ಡಬ್ಬಿ ಅಟ್ಟಕ್ಕೆ ಬಂದ ದಿನದಿಂದ ನನ್ನೊಳಗೆ ಒಂದು ಪ್ರಶ್ನೆ ಕೂತಿತ್ತು. ವರ್ಷಕ್ಕೊಮ್ಮೆ ಬರುವ ಸಿಟ್ಟಿಗೆ ಈ ದಾರಿ ಸಾಕು. ಜನ್ಮಕ್ಕೊಮ್ಮೆ ಬರುವ ಸಿಟ್ಟು ಬಂದರೆ?

ಭಾನುವಾರ ಬಂದರೆ ನಮ್ಮ ವರಾಂಡದಲ್ಲಿ ಬಂದೂಕಿನದೇ ಚರ್ಚೆ. ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು; ಹಿಂದಿನ ರಸ್ತೆಯಲ್ಲಿ ಒಂದು ಕಳ್ಳತನವಾದ ಮೇಲೆ ಅವರಿಗೆ ರಿವಾಲ್ವರ್ ಮೇಲೆ ಮನಸ್ಸಾಗಿತ್ತು. 'ಕಳ್ಳನ ಕೈಲಿ ಲಾಂಗ್ ಇರತ್ತೆ, ನನ್ನ ಕೈಲಿ ಟಾರ್ಚು. ಇದು ಯಾವ ನ್ಯಾಯ ಸಾರ್? ಮರ್ಯಾದಸ್ಥರಿಗೆಲ್ಲ ಕೊಡ್ಬೇಕು.'

'ಮರ್ಯಾದಸ್ಥರು ಯಾರು ಅಂತ ಯಾರು ಹೇಳೋದು?' ಎಂದೆ. 'ನಂಗೂ ಕೊಡ್ತಾರಾ?'

'ನಿಮ್ಗೆ ನೀರ್ ಪಿಸ್ತೂಲೂ ಕೊಡ್ಬಾರ್ದು!'

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಯುವಕನದು ಬೇರೆಯೇ ರಾಗ. 'ಸರ, ನಮ್ಮೂರ ಗೌಡ್ರ ಮನ್ಯಾಗ ಗ್ವಾಡಿಗೆ ಒಂದು ಬಂದೂಕು ತೂಗಾಕ್ಯಾರ್ರಿ. ನಾ ಹುಟ್ಟಿದಾಗಿಂದ ಯಾರೂ ಮುಟ್ಟಿಲ್ಲ. ಆದ್ರ ಅದು ಐತಿ ಅಂತ ಊರಿಗೆ ಗೊತ್ತಿರಬೇಕ್ರಿ. ಅಷ್ಟ ಸಾಕು.'

'ಹಾಗಾದ್ರೆ ಬಂದೂಕಿನ ಫೋಟೋ ತೂಗಾಕಿದ್ರೆ ಸಾಲ್ದಾ ಮಗಾ?' ಎಂದೆ. ಆತ ಗಂಭೀರವಾಗಿ ಯೋಚಿಸಿ, 'ಹಾರ ಹಾಕಬಾರ್ದ್ರಿ ಮತ್ತ' ಎಂದ.

ಷಡ್ಡಕರು ಇದನ್ನೆಲ್ಲ ಕೇಳುತ್ತ ಕಡಲೆಕಾಯಿ ಸುಲಿಯುತ್ತಿದ್ದರು. ಬೇಟೆಯ ಮಾತು ಬಂದಾಗ ಮಾತ್ರ ಬಾಯಿ ಬಿಟ್ಟರು. ಅವರ ತಂದೆ ಒಮ್ಮೆ ನಿಜವಾಗಿ ಹಂದಿ ಹೊಡೆದಿದ್ದರಂತೆ. ಊರವರು ಸಂಭ್ರಮದಿಂದ ಹೊತ್ತುಕೊಂಡು ಹೋದರಂತೆ. ತಂದೆ ಬಂದು ತಲೆಗೆ ನೀರು ಹಾಕಿಕೊಂಡು ಆ ದಿನ ಊಟ ಮಾಡದೆ ಮಲಗಿದರಂತೆ.

'ಹಾಗಾದ್ರೆ ಹೊಡೆದದ್ದು ತಪ್ಪು ಅಂತಲೋ?' ಎಂದರು ಬ್ಯಾಂಕಿನವರು.

'ತಪ್ಪು ಅಂತ ಅಪ್ಪ ಹೇಳ್ಲಿಲ್ಲ ಸಾರ್. ಹಂದಿ ಬಿಟ್ಟಿದ್ರೆ ನಾವು ವರ್ಷಪೂರ್ತಿ ಕೊಂಡು ತಿನ್ಬೇಕಿತ್ತು. ಹೊಡೀಬೇಕಾಗಿ ಬಂತು, ಹೊಡೆದ್ರು. ಆದ್ರೆ ಹೊಡೆದ್ಮೇಲೆ ಊಟ ಸೇರೋನ ಕೈಗೆ ಬಂದೂಕು ಕೊಡ್ಬಾರ್ದು. ನಂಗೆ ಗೊತ್ತಿರೋ ಕಾನೂನು ಅದೊಂದೇ.'

ಬ್ಯಾಂಕಿನವರು ಟಾರ್ಚು ಆನ್ ಮಾಡಿ ಆಫ್ ಮಾಡಿದರು. ನಾನೂ ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಇನ್ನು ಚುನಾವಣೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ದೆಹಲಿಯ ಸರ್ಕಾರಗಳು ನಮ್ಮ ಮನೆಯ ಫ್ಯೂಸಿನ ಹಾಗೆ ಹೋಗುತ್ತಿದ್ದವು. ಪ್ರತಿ ಚುನಾವಣೆಗೂ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಷಡ್ಡಕರು ಮಗಳನ್ನು ಹಾಸ್ಟೆಲಿಗೆ ಬಿಡುವವರ ಹಾಗೆ ಬಿಟ್ಟು ಬರುತ್ತಿದ್ದರು, ನಡುನಡುವೆ ಎಣ್ಣೆ ಬಟ್ಟೆ ಹಿಡಿದು ನೋಡಲು ಹೋಗುತ್ತಿದ್ದರು. ಒಂದು ಆಯುಧಪೂಜೆಗೆ ಅದು ಠಾಣೆಯಲ್ಲೇ ಇದ್ದುದರಿಂದ ಪೂಜೆಯ ತಟ್ಟೆಯನ್ನು ಅಲ್ಲಿಗೇ ಒಯ್ದರು. ಪೊಲೀಸರೂ ತಮ್ಮ ಬಂದೂಕುಗಳಿಗೆ ಚೆಂಡುಹೂ ಮುಡಿಸಿ ಸಾಲಾಗಿ ನಿಲ್ಲಿಸಿದ್ದರು. ಆ ಸಾಲಿನ ಕೊನೆಗೆ ನಮ್ಮದೂ ಒಂದು. ಕಾನ್ಸ್‌ಟೇಬಲ್ ಒಬ್ಬರು ಕಡಲೆಪುರಿ ಮುಕ್ಕುತ್ತ, 'ಸಾರ್, ಇದ್ನ ನಮ್ಗೇ ಕೊಟ್ಬಿಡಿ, ನಿಮ್ಗೂ ಓಡಾಟ ತಪ್ಪತ್ತೆ' ಎಂದರು. ಷಡ್ಡಕರು ತಂದೆ ಹಿಡಿದು ಹಿಡಿದು ನುಣುಪಾಗಿದ್ದ ಹಿಡಿಯ ಮೇಲೆ ಕೈ ಸವರಿದರು, ಅಷ್ಟೆ.

ಆ ಜನ್ಮಕ್ಕೊಮ್ಮೆ ಬರುವ ಸಿಟ್ಟು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಅವರೆಕಾಯಿ ಕಾಲದಲ್ಲಿ, ಮಟಮಟ ಮಧ್ಯಾಹ್ನ.

ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ಷಡ್ಡಕರು. ಚಪ್ಪಲಿಯಿಲ್ಲದ ಕಾಲು, ಪಂಚೆಯ ತುಂಬ ಕೆಂಪು ಮಣ್ಣು. ಮೂಗಿನ ತುದಿಯಲ್ಲ, ಇಡೀ ಮುಖ ಕೆಂಪು.

'ಡಬ್ಬಿ ಕೊಡು.'

'ಏನಾಯ್ತಣ್ಣ?'

'ಅಪ್ಪನ ಸಮಾಧಿ ಒಡೆದ್ಹಾಕಿದಾರೆ. ನೆಲಸಮ. ನಾನು ಯಾರಿಗೆ ಮಾರಿದ್ನೋ ಅವನು ಇನ್ನೊಬ್ಬನಿಗೆ ಮಾರಿದ್ನಂತೆ. ಆ ಇನ್ನೊಬ್ಬ ಜೆಸಿಬಿ ಬಿಟ್ಟಿದಾನೆ. ಕೇಳಿದ್ರೆ, ಕಲ್ಲು ಅಂದ್ಕೊಂಡ್ವಿ ಅಂತಾನೆ. ಕಲ್ಲಂತೆ! ಡಬ್ಬಿ ಕೊಡು.'

ಅಷ್ಟರಲ್ಲಿ ಆಟೋದವನು ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯದೊಂದನ್ನು ಹೆಗಲ ಮೇಲಿಟ್ಟುಕೊಂಡು ಒಳಗೇ ಬಂದ. 'ಅಂಕಲ್, ಕರ್ಟನ್ ರಾಡ್ ಗಾಡೀಲೇ ಬಿಟ್ಬಿಟ್ರಲ್ಲಾ!' ಎಂದು ಅದನ್ನು ನನ್ನ ಕೈಗೆ ಕೊಟ್ಟ. ನಾನು ಜೀವಮಾನದಲ್ಲಿ ಮೊದಲ ಸಲ ನಗೆ ಬರಬೇಕಾದ ಕಡೆ ನಗಲಾರದೆ ನಿಂತೆ. ಬಂದೂಕು ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು.

ಡಬ್ಬಿ ಅಟ್ಟದ ಮೇಲೆ. ಅಟ್ಟ ಹತ್ತಲು ಏಣಿ ಬೇಕು. ಏಣಿ ಅವತ್ತೇ ಪಕ್ಕದ ಮನೆಗೆ ಹೋಗಬೇಕೇ? ಬ್ಯಾಂಕಿನವರು ಸುಣ್ಣ ಹೊಡೆಸುತ್ತಿದ್ದರು. ಈಗ ನೋಡಿದರೆ ಮನೆಗೆ ಬೀಗ.

'ಏಣಿ ಅವರ ಮನೇಲಿದೆ ಅಣ್ಣ. ಬೀಗ ಹಾಕ್ಕೊಂಡು ದೇವಸ್ಥಾನಕ್ಕೆ ಹೋಗಿದಾರೆ. ಬಂದ್ಬಿಡ್ತಾರೆ.'

ಅವರು ಅಟ್ಟ ನೋಡಿದರು. ನನ್ನನ್ನು ನೋಡಿದರು. ನನ್ನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಅವಳು ತಲೆಯೆತ್ತದೆ ಹೇಳಿದಳು: 'ಭಾವ, ಹೇಗೂ ಕಾಯ್ಬೇಕಲ್ಲ. ಬನ್ನಿ, ಒಂದಷ್ಟು ಹಿತುಕಿಕೊಡಿ. ನನ್ನ ಬೆರಳು ನೋಯ್ತಿದೆ.'

ನಾದಿನಿ ಹೇಳಿದ್ದನ್ನು ಅವರು ಯಾವತ್ತೂ ಇಲ್ಲ ಅಂದವರಲ್ಲ. ಕೂತರು. ಮೊದಲ ಕಾಳು ಸಿಪ್ಪೆಯಿಂದ ಚಿಮ್ಮಿ ಗೋಡೆಗೆ ಬಡಿಯಿತು. ಎರಡನೆಯದು ಕ್ಯಾಲೆಂಡರಿಗೆ. ಮೂರನೆಯದು ನನ್ನ ಬೋಳುತಲೆಗೆ! ಯಾರೂ ನಗಲಿಲ್ಲ. ಆಮೇಲೆ ಆಮೇಲೆ ಕಾಳು ಪಾತ್ರೆಯೊಳಗೇ ಬೀಳತೊಡಗಿತು. ಆಟೋದವನು ಬಾಗಿಲಲ್ಲಿ ನಿಂತು ನೋಡಿದ. ನಾನು ಸಂಜ್ಞೆ ಮಾಡಿ ಕಳಿಸಿದೆ.

ಎಷ್ಟೋ ಹೊತ್ತಿನ ಮೇಲೆ, ಕಾಳಿನ ಜೊತೆಗೇ ಮಾತಾಡುವವರ ಹಾಗೆ ಹೇಳಿದರು. 'ರಾಗಿ ಸಾಲಿನ ಮಧ್ಯ ಅಪ್ಪ ಅವರೆ ಹಾಕೋರು. ಹಂದಿ ಬಂದ್ರೆ ಮೊದ್ಲು ಕೂಗೋರು. ಹೋಗ್ಲಿಲ್ಲ ಅಂದ್ರೆ ಡಬ್ಬ ಬಡಿಯೋರು. ಅದಕ್ಕೂ ಹೋಗ್ಲಿಲ್ಲ ಅಂದ್ರೆ ಆಕಾಶಕ್ಕೊಂದು ಗುಂಡು. ಎಲ್ಲಾ ಆದ್ಮೇಲೆ...' ಒಂದು ಕಾಳು ಬೆರಳಲ್ಲೇ ನಿಂತಿತು. 'ನಾನಿವತ್ತು ಕೂಗಲೂ ಇಲ್ಲ ಕಣಮ್ಮಾ. ಅವನ ಎದುರಿಗೆ ನಿಂತು ಒಂದು ಸಲ ಕೂಗಲೂ ಇಲ್ಲ. ಸೀದಾ ಇದಕ್ಕೇ ಬಂದೆ.'

ನನ್ನ ಹೆಂಡತಿ ಪಾತ್ರೆಯನ್ನು ಅವರ ಕಡೆ ಇನ್ನಷ್ಟು ಸರಿಸಿದಳು.

ಅವರು ಊಟ ಮಾಡಿಕೊಂಡು ಹೋದರು. ಹಿತಕಿದ ಬೇಳೆ ಸಾರು, ಮುದ್ದೆ. ಬಂದೂಕು ದೇವರಕೋಣೆಯ ಪಕ್ಕ ಕೊಡೆಗಳ ಜೊತೆ ಒರಗಿಕೊಂಡಿತ್ತು. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, ಡಬ್ಬಿಯನ್ನೂ ತೆಗೆದಿಡು, ಎರಡನ್ನೂ ಠಾಣೆಗೆ ಕೊಟ್ಟು ಬರೋಣ ಎಂದರು. ಚುನಾವಣೆಗಲ್ಲ, ಶಾಶ್ವತವಾಗಿ. ಸಮಾಧಿಯ ವಿಷಯಕ್ಕೆ ಒಂದು ದೂರನ್ನೂ ಅಲ್ಲೇ ಕೊಟ್ಟರು. ಪೊಲೀಸರು ಕರೆಸಿದ ಆ ಜಾಗದ ಹೊಸ ಯಜಮಾನನ ಎದುರಿಗೆ ಅವತ್ತು ಅವರು ಕೂಗಿದ ಕೂಗು ಠಾಣೆಯ ಹೊರಗೆ ಟೀ ಕುಡಿಯುತ್ತಿದ್ದವರಿಗೂ ಕೇಳಿಸಿತು. ಕೊನೆಗೆ ಆತ ತಲೆ ತಗ್ಗಿಸಿ, ಸಮಾಧಿಯ ಮೂಲೆಯನ್ನು ಬಿಟ್ಟುಕೊಟ್ಟು ಕಟ್ಟೆ ಕಟ್ಟಿಸಿಕೊಡುತ್ತೇನೆಂದು ಒಪ್ಪಿದ. ಕಟ್ಟಿಸಿಯೂ ಕೊಟ್ಟ.

ವಾಪಸು ಬಸ್ಸಿನಲ್ಲಿ ಬರುವಾಗ ಕೇಳಿದೆ. 'ನಿಮ್ಮಪ್ಪಂದು ಅಲ್ವಾ ಅಣ್ಣ? ವ್ಯವಸ್ಥೆ ಬೇರೆ ಅಷ್ಟು ಸಖತ್ತಾಗಿತ್ತು. ಯಾಕೆ ಕೊಟ್ಬಿಟ್ರಿ?'

ಅವರು ಕಿಟಕಿಯಾಚೆ ನೋಡುತ್ತ ಹೇಳಿದರು. 'ವ್ಯವಸ್ಥೆ ಬಸ್ಸಿಗೆ ಮಾಡಿದ್ದು. ನಿನ್ನೆ ನಾನು ಆಟೋ ಹತ್ಬಿಟ್ಟೆ ಕಣಯ್ಯಾ.'

ಷಡ್ಡಕರು ಈಗಿಲ್ಲ. ಆದ್ದರಿಂದ ನನ್ನ ಮಾತು ಉಳಿಸಿಕೊಳ್ಳುತ್ತೇನೆ, ಆ ಒಂದು ಸುಳ್ಳನ್ನು ಒಪ್ಪಿಸಿಬಿಡುತ್ತೇನೆ. ಕರಿಬೇವಲ್ಲ, ಕರ್ಟನ್ ರಾಡೂ ಅಲ್ಲ, ಅವೆಲ್ಲ ನಡೆದದ್ದೇ. ಸುಳ್ಳು ಏಣಿಯದು. ಅವತ್ತು ಅವರಿಗೆ ಹೇಳಿದೆ, ಇವತ್ತು ನಿಮಗೆ ಹೇಳಿದೆ. ಏಣಿ ಪಕ್ಕದ ಮನೆಗೆ ಹೋಗಿರಲಿಲ್ಲ. ನಮ್ಮ ಅಡುಗೆಮನೆಯ ಬಾಗಿಲ ಹಿಂದೆಯೇ ಇತ್ತು, ಬಾಗಿಲಿಗಿಂತ ಒಂದು ಮೊಳ ಎತ್ತರಕ್ಕೆ ತಲೆಯೆತ್ತಿಕೊಂಡು. ಷಡ್ಡಕರು ಕೂತು ಕಾಳು ಹಿತುಕಿದ್ದು ಅದರ ಎದುರಿಗೇ.