ಗಾಜಪ್ಪನ ನೀಲಿ ಚಡ್ಡಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ತಾರಸಿಯ ಹಗ್ಗದ ಮೇಲೆ ಒಣಗುತ್ತಿದ್ದ ಒಂದು ನೀಲಿ ಈಜುಚಡ್ಡಿ. ಒಡೆಯನ ಹೆಂಡತಿ ಅದನ್ನು ಬೆಡ್‌ಶೀಟಿನ ಮರೆಯಲ್ಲೇ ಹರವಿದ್ದಳು. ಗಾಳಿ ಬೀಸಿ ಬೆಡ್‌ಶೀಟ್ ಸರಿದದ್ದೇ ಚಡ್ಡಿ ಇಡೀ ಕಟ್ಟಡಕ್ಕೆ ದರ್ಶನ ಕೊಟ್ಟಿತು.

ಚಡ್ಡಿ ಗಾಜಪ್ಪನದು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸವಾದರೂ ಆ ಹೆಸರು ಬಂದದ್ದು ಅದರಿಂದಲ್ಲ. ಅವನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹುಟ್ಟಿನಿಂದಲೇ ಹಾಗೆ. ಸಣ್ಣ ಪೆಟ್ಟಾದರೂ ಒಳಗೆ ರಕ್ತ ಇಳಿದು ಮಂಡಿ ಊದಿಕೊಳ್ಳುತ್ತದೆ. ಹಾಗಾಗಿ ಕಟ್ಟಡದವರೆಲ್ಲ ಸೇರಿ ಅವನನ್ನು ಗಾಜಿನ ಸಾಮಾನಿನಂತೆ ಕಾಪಾಡುತ್ತಿದ್ದರು. ಮೆಟ್ಟಿಲ ಕಂಬಿಗೆಲ್ಲ ಹಳೇ ಕಂಬಳಿ ಸುತ್ತಿದ್ದರು. ಅವನು ಇಳಿಯುವಾಗ ಕೆಳಮನೆಯ ನಿವೃತ್ತ ಟ್ರಾಫಿಕ್ ಪೊಲೀಸಣ್ಣ ಸೀಟಿ ಊದಿ ಮೆಟ್ಟಿಲು ಖಾಲಿ ಮಾಡಿಸುತ್ತಿದ್ದ. ಕಾಯಿಲೆಯನ್ನಾದರೂ ತಾಳಿಕೊಳ್ಳಬಹುದು, ಇಷ್ಟೊಂದು ಪ್ರೀತಿಯನ್ನು ತಾಳಿಕೊಳ್ಳುವುದು ಕಷ್ಟ.

ಮಂಡಿ ಉಳಿಯಬೇಕಾದರೆ ಸುತ್ತಲಿನ ಮಾಂಸಖಂಡ ಗಟ್ಟಿಯಾಗಬೇಕು, ಈಜಿ ಎಂದಿದ್ದರು ಡಾಕ್ಟರು. ಅಂದಿನಿಂದ ಗಾಜಪ್ಪ ಇಂಜೆಕ್ಷನ್ ತಪ್ಪಿಸದೆ, ಹೆಂಡತಿಯ ಹೊರತು ಯಾರಿಗೂ ಹೇಳದೆ, ಈಜುಕೊಳದ ಸೊಂಟಮಟ್ಟದ ನೀರಿನಲ್ಲಿ ಮಕ್ಕಳ ಜೊತೆ ಕಾಲು ಬಡಿಯುತ್ತಿದ್ದ. ಇವತ್ತು ಸಂಜೆ ಪರೀಕ್ಷೆ. ಆಸರೆಯಿಲ್ಲದೆ ಈ ತುದಿಯಿಂದ ಆ ತುದಿ ಮುಟ್ಟಿದರೆ ಆಳದ ನೀರಿಗೆ ಬಡ್ತಿ. ಜೀವಮಾನದಲ್ಲಿ ಒಮ್ಮೆಯಾದರೂ ಯಾರೂ ಕೈ ಹಿಡಿಯದ ಜಾಗದಲ್ಲಿರಬೇಕು ಎಂಬುದು ಅವನ ಆಸೆ.

ಮಧ್ಯಾಹ್ನ ಅವನ ಬಾಗಿಲಲ್ಲಿ ಪಂಚಾಯ್ತಿ ಸೇರಿತು. ಎದುರುಮನೆಯಲ್ಲೇ ಇರುವ ಅವನ ಸ್ವಂತ ಅಕ್ಕ, ಚಡ್ಡಿಯನ್ನು ಮೊದಲು ಕಂಡ ಪೊಲೀಸಣ್ಣ, ಮೇಲ್ಮನೆಯ ಟೈಲರಮ್ಮ.

"ನೀರಿಗೆ ಬಿದ್ರೆ ಏನೋ ಗತಿ?" ಅಂದಳು ಅಕ್ಕ.

"ಒದ್ದೆ ಆಗ್ತೀನಿ ಅಕ್ಕ."

"ತಮಾಷೆ ಬೇಡ. ನಿನ್ನ ಎತ್ತಿ ಆಡಿಸುವಾಗ್ಲೂ ಕೆಳಗೆ ದಿಂಬು ಹಾಸ್ಕೊಳ್ತಿದ್ದೆ, ಗೊತ್ತಾ?"

"ಬೆಳಿಗ್ಗೆ ಇಂಜೆಕ್ಷನ್ ತಗೊಂಡಿದೀನಿ. ಈಜು ಅಂತ ಹೇಳಿದ್ದೇ ಡಾಕ್ಟ್ರು."

"ಡಾಕ್ಟ್ರಿಗೇನು, ಅವರ ತಮ್ಮನಾ ನೀವು?" ಎಂದು ಟೈಲರಮ್ಮ ಚಡ್ಡಿಯನ್ನು ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ತಾನೇ ವಾಪಸು ತಂದಳು. ಎರಡೂ ಕಾಲಿನ ಬಾಯಿ ಮುಚ್ಚಿ ಡಬಲ್ ಹೊಲಿಗೆ ಬಿದ್ದಿತ್ತು. "ತರಕಾರಿ ತರೋಕೆ ಚೆನ್ನಾಗಿರತ್ತೆ," ಅಂದಳು.

ಸಂಜೆ ಗಾಜಪ್ಪ ಆ ಚೀಲವನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟ. ಗೇಟು ದಾಟುವಷ್ಟರಲ್ಲಿ ಸೀಟಿ ಕೂಗಿತು. ಅವನು ಬಿರಬಿರನೆ ಹೆಜ್ಜೆ ಹಾಕಿದ. ಹಿಂದೆ ಪೊಲೀಸಣ್ಣ, ಅವನ ಹಿಂದೆ ತಮ್ಮ ಬಿದ್ದರೆ ಇರಲಿ ಎಂದು ದಿಂಬು ಹಿಡಿದ ಅಕ್ಕ, ಅವಳ ಹಿಂದೆ ಕೊರಳಲ್ಲಿ ಅಳತೆ ಟೇಪು ತೂಗುತ್ತಿದ್ದ ಟೈಲರಮ್ಮ. ತಿಂಗಳುಗಟ್ಟಲೆ ನೀರು ಬಡಿದ ಕಾಲನ್ನು ಹಿಂದೆ ಹಾಕುವುದು ಯಾರಿಂದಲೂ ಆಗಲಿಲ್ಲ. ಬ್ಯಾಂಕಿನ ತಿರುವಿನಲ್ಲಿ ಪೊಲೀಸಣ್ಣ ಕಂಬಕ್ಕೆ ಆತು ನಿಂತ. ಅಕ್ಕ ದಿಂಬಿನ ಮೇಲೆ ತಾನೇ ಕೂತಳು.

ಹೊಲಿದ ಚಡ್ಡಿ ನೋಡಿ ಈಜು ಕಲಿಸುವ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು ತಮ್ಮದೊಂದನ್ನು ಕೊಟ್ಟರು. ಆ ಹೊಟ್ಟೆಯೇ ತೊಂದರೆಯಾಯಿತು. ಗಾಜಪ್ಪ ಎಡಗೈಯಲ್ಲಿ ಜಾರುತ್ತಿದ್ದ ಚಡ್ಡಿಯ ಸೊಂಟ ಹಿಡಿದು, ಬಲಗೈಯಲ್ಲಿ ನೀರು ತಳ್ಳುತ್ತ ಹೊರಟ. ನಡುವೆ ಮಕ್ಕಳ ದಂಡು ಅಡ್ಡ ಬಂತು. ಅಷ್ಟರಲ್ಲಿ ಏದುಸಿರು ಬಿಡುತ್ತ ಒಳಬಂದ ಪೊಲೀಸಣ್ಣ, ಅವನನ್ನು ನಿಲ್ಲಿಸಲೆಂದು, ಉಳಿದ ಉಸಿರನ್ನೆಲ್ಲ ಸೀಟಿಗೆ ತುಂಬಿದ.

ಸೀಟಿ ಕೇಳಿದರೆ ಎಲ್ಲರೂ ನೀರು ಬಿಟ್ಟು ಮೇಲೇರಬೇಕು ಎಂಬುದು ಆ ಕೊಳದ ನಿಯಮ. ಮಕ್ಕಳೆಲ್ಲ ದಡ ಹತ್ತಿದರು. ಕಿವಿಗೆ ನೀರು ತುಂಬಿದ್ದ ಗಾಜಪ್ಪನಿಗೆ ಮಾತ್ರ ಏನೂ ಕೇಳಿಸಲಿಲ್ಲ. ತೆರವಾದ ಕೊಳದಲ್ಲಿ ಅವನೊಬ್ಬನೇ ಹೋದ, ಹೋದ, ಆ ತುದಿಯ ಅಂಚನ್ನು ಹಿಡಿದೇಬಿಟ್ಟ. ಹಿಡಿದಾಗ ಅಳು ಬರುವಷ್ಟು ಸಂತೋಷವಾಯಿತು. ದಡದಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು, ಟೈಲರಮ್ಮನ ಜೊತೆ ಆಗಷ್ಟೇ ಬಂದು ಸೇರಿದ್ದ ಅಕ್ಕ.

"ನಾಳೆಯಿಂದ ಆಳದ ನೀರು ನಿಮ್ದು," ಅಂದರು ಮೇಷ್ಟ್ರು.

ಅಕ್ಕ ಕಣ್ಣೊರೆಸಿಕೊಂಡಳು. "ಈಜಲಿ, ನಾನಿನ್ನು ಬೇಡ ಅನ್ನಲ್ಲ. ಆದ್ರೆ ಒಬ್ಬನ್ನೇ ಹೇಗೆ ಬಿಡೋದು? ನೀರಲ್ಲಿ ಕಾಯೋಕೆ ಯಾರಾದ್ರೂ ಇರ್ಬೇಕಲ್ಲ. ನಮ್ಮ ಮೂವರನ್ನೂ ಸೇರಿಸ್ಕೊಳ್ಳಿ."

"ನಿಮಗೆ ಈಜು ಬರತ್ತಾ?"

"ಇಲ್ಲ. ಇವನೇ ಕಲಿಸ್ತಾನೆ. ಬೇರೆಯವರನ್ನ ನಂಬಿ ನಾವು ನೀರಿಗೆ ಇಳಿಯೋರಲ್ಲ."

ಮರುದಿನ ಸಂಜೆ ಆಳದ ನೀರು ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಗಾಜಪ್ಪ ಅದಕ್ಕೆ ಬೆನ್ನು ಹಾಕಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ. ಒಂದು ತೋಳಿಗೆ ಪೊಲೀಸಣ್ಣ, ಇನ್ನೊಂದಕ್ಕೆ ಟೈಲರಮ್ಮ ಜೋತುಬಿದ್ದಿದ್ದರು. ಅಕ್ಕ ಬೆನ್ನ ಹಿಂದಿನಿಂದ ಕುತ್ತಿಗೆ ತಬ್ಬಿದ್ದಳು. ಮೂವರ ಭಾರಕ್ಕೂ ಅವನ ಮಂಡಿ ಜಗ್ಗಲಿಲ್ಲ. ಆ ಹೆಮ್ಮೆಯಲ್ಲಿ ಅವನು ಮೆಲ್ಲಗೆ ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲಾಡ್ಬೇಡ ಕಣೋ," ಅಂದಳು ಅಕ್ಕ. "ನೀನು ಅಲ್ಲಾಡಿದ್ರೆ ನಮಗೆ ಹೆದರಿಕೆ ಆಗತ್ತೆ."