ಮಾವ ಕಟ್ಟಿದ ಹದಿನೇಳು ಕಸಿ

ನನ್ನ ಮಾವನ ಕಣ್ಣಿಗೆ ಯಾವ ವಸ್ತುವೂ ಒಂಟಿಯಾಗಿ ಬೀಳಬಾರದು. ಬಿದ್ದರೆ ಅದಕ್ಕೆ ಇನ್ನೊಂದನ್ನು ತಂದು ಕಸಿ ಕಟ್ಟದೆ ಬಿಡುವ ಜನ ಅವರಲ್ಲ! ಮಾವ ಅಂದರೆ ಅಮ್ಮನ ಅಣ್ಣ. ಅರಂತೋಡಿನ ಹತ್ತಿರ ಅವರದ್ದೊಂದು ಸಣ್ಣ ನರ್ಸರಿ. ಉಪ್ಪಿನಕಾಯಿಗೆ ಆಗುವ ಕಾಟುಮಾವಿನ, ಅಂದರೆ ಕಾಡುಮಾವಿನ, ಕಸಿಗಿಡ ಮಾಡಿ ಕೊಡುತ್ತಾರೆ. ಅಲ್ಲಿ ಒಂದೇ ಮರದಲ್ಲಿ ಐದು ಜಾತಿಯ ಮಾವು. ಅದಾದರೂ ಕಸುಬು ಎನ್ನೋಣ. ಅವರ ಕೊಡೆಗೆ ಸ್ಕೂಟರಿನ ಹಿಡಿ, ಸ್ಕೂಟರಿಗೆ ಕುರ್ಚಿಯ ಕುಶನ್. ಆ ಕುರ್ಚಿಗೆ ಎಂತ ಕಟ್ಟಿದ್ದಾರೆ ಎಂದು ನಾನು ಕೇಳಿಲ್ಲ. ಕೂತವರು ಹೇಳಲಿ.

ಇಂಥವರಿಗೆ ವೆಬ್‌ಸೈಟ್ ಮಾಡಿಕೊಟ್ಟದ್ದು ನಾನು. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಬಿಸಿಎ. ಬೆಳಗ್ಗೆ ಅಮ್ಮನ ಜೊತೆ ರಬ್ಬರ್ ಟ್ಯಾಪಿಂಗ್ ಮುಗಿಸಿ, ಕೈಯ ವಾಸನೆ ಹೋಗುವ ಮೊದಲೇ ಸುಳ್ಯದ ಬಸ್ಸು ಹತ್ತಿ ಕಲಿತದ್ದು. ಒಂದು ಪೇಪರು ಮೂರನೇ ಸಲಕ್ಕೆ ಪಾಸು. ಅದನ್ನೂ ಹೇಳುತ್ತೇನೆ, ಅಡಗಿಸುವುದು ಎಂತಕ್ಕೆ? ಈಗ ಪುತ್ತೂರಿನ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸ. ಆದರೆ ಮೊತ್ತಮೊದಲು ಮಾಡಿದ್ದು ಮಾವನದ್ದನ್ನು. ಸುಳ್ಯ, ಪುತ್ತೂರು, ಕಡಬದ ಕಾಟುಮಾವಿನ ಮರಗಳ ಪಟ್ಟಿ ಅದು. ಯಾವ ಮರ ಯಾರ ಜಾಗದಲ್ಲಿ ಉಂಟು, ಸೊನೆ ಎಷ್ಟು, ಹುಳಿ ಎಷ್ಟು, ಎಲ್ಲ ಮಾವ ತಿರುಗಿ, ತಿಂದು, ಬರೆಸಿದ್ದು. ರಸ್ತೆ ಅಗಲವಾಗುವಾಗ ಬಿದ್ದ ಮರಗಳ ಫೋಟೊ ಕೂಡ ಅಲ್ಲಿ ಮಾತ್ರ ಉಳಿದಿತ್ತು.

"ಈ ಪ್ಲಗಿನ್ ಅಂದ್ರೆ ಎಂತ?" ಎಂದು ಒಮ್ಮೆ ಕೇಳಿದರು.

"ಬೇರೆ ಯಾರೋ ಮಾಡಿದ ತುಂಡು ಮಾವ. ನಮ್ಮ ವೆಬ್‌ಸೈಟಿಗೆ ತಂದು ಸೇರಿಸುದು."

"ಕಸಿ ಅಂತ ಹೇಳು ಮಾರಾಯ್ತಿ!"

ನಾನು ಹೌದು ಎನ್ನಬಾರದಿತ್ತು. ಒಂದೇ ತಿಂಗಳಲ್ಲಿ ಹದಿನೇಳು ಪ್ಲಗಿನ್! ಗಡಿಯಾರ ಬಂತು, ಬಂದವರನ್ನು ಎಣಿಸುವ ಮೀಟರು ಬಂತು. ಒಂದು ದಿನ ನೋಡಿದರೆ ಮಾವಿನ ಮರಗಳ ಮೇಲೆ ಹಿಮ ಬೀಳುತ್ತಾ ಉಂಟು!

"ಅರಂತೋಡಿನಲ್ಲಿ ಹಿಮವಾ ಮಾವ?"

"ಧರ್ಮಕ್ಕೆ ಸಿಕ್ಕಿತು. ನೋಡ್ಲಿಕ್ಕೆ ತಂಪು ಉಂಟಲ್ಲ?"

ಹಿಮವನ್ನೂ ಸಹಿಸಿದೆ. ಸಹಿಸಲು ಆಗದೇ ಹೋದದ್ದು ಪುಟದ ನೆತ್ತಿಯಲ್ಲಿ ಓಡುವ ಒಂದು ಸಾಲು: 'ಇದನ್ನು ಮಾಡಿದವಳು ನನ್ನ ತಂಗಿಯ ಮಗಳು, ಬಿಸಿಎ.' ಅದರ ಬಾಲಕ್ಕೆ ಕಟ್ಟಿದ ಹಾಗೆ, ಪದವಿಯ ಕರಿ ಗೌನು ಹಾಕಿದ ನನ್ನ ಫೋಟೊ! ಎಡಗಡೆ ಮುಳುಗಿ ಬಲಗಡೆ ಹುಟ್ಟುತ್ತಿದ್ದೇನೆ, ಸೂರ್ಯನ ಹಾಗೆ. ಆಫೀಸಿನವರು ನಗದೆ ಬಿಡುತ್ತಾರಾ?

"ತೆಗೀರಿ ಮಾವ, ನಾಚಿಕೆ ಆಗ್ತದೆ."

"ನಾಚಿಕೆ ಎಂತಕ್ಕೆ? ನೀನು ಕದ್ದು ಪಾಸಾದದ್ದಾ?"

ಆದರೂ ಮರುದಿನ ಸಾಲು ಕಾಣಲಿಲ್ಲ. ಒಳಗೆ ಹೋಗಿ ನೋಡುವ ಗೋಜಿಗೆ ನಾನೂ ಹೋಗಲಿಲ್ಲ.

ಮೇ ತಿಂಗಳಲ್ಲಿ ಕಡಬದಿಂದ ಒಬ್ಬರು ಅಕ್ಕ ಮಾವನಿಗೆ ಫೋನ್ ಮಾಡಿದರು. "ಎಂತ ಮಾರಾಯ್ರೆ, ಗಿಡ ಬೇಕು ಅಂತ ಒತ್ತಿದ್ರೆ ಇಸ್ಪೀಟು ಬರ್ತದಲ್ಲ! ಕಸುಬು ಬದಲಾಯಿಸಿದ್ರಾ?"

ಯಾರೋ ಒಳಗೆ ನುಗ್ಗಿ ವೆಬ್‌ಸೈಟನ್ನು ಜುಗಾರಿಯ ಅಡ್ಡೆ ಮಾಡಿದ್ದರು. ವೆಬ್‌ಸೈಟಿಗೆ ಇಂಟರ್ನೆಟ್ಟಿನಲ್ಲಿ ಜಾಗ ಕೊಟ್ಟ ಕಂಪನಿ ಎಲ್ಲ ನಿಲ್ಲಿಸಿ, ಮೂರು ದಿನದೊಳಗೆ ಶುದ್ಧ ಮಾಡದಿದ್ದರೆ ಪೂರ್ತಿ ಅಳಿಸುತ್ತೇವೆ ಎಂದಿತು. ಇನ್ನೊಂದು ಪ್ರತಿ ತೆಗೆದಿಟ್ಟಿದ್ದೆನಾ? ಇಲ್ಲ! ಪುತ್ತೂರಿನಲ್ಲಿ ಎಲ್ಲರಿಗೂ ನಾನು ಹೇಳುವ ಮೊದಲ ಬುದ್ಧಿಮಾತು ಅದೇ.

ಲ್ಯಾಪ್‌ಟಾಪ್ ಹಿಡಿದುಕೊಂಡು ಬಸ್ಸು ಹತ್ತಿದೆ. ಮಾವ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಕೈಯಲ್ಲಿ ಕಸಿಯ ಚೂರಿ ಇರಲಿಲ್ಲ.

"ಕಡಿದ ಮರವನ್ನು ಇನ್ನೊಮ್ಮೆ ಕಡಿದ ಹಾಗೆ ಆಯ್ತಲ್ಲ ಮಗಾ," ಎಂದರು.

ಒಳಗೆ ಹೋಗಿ ನೋಡಿದರೆ ಹನ್ನೊಂದು ಪ್ಲಗಿನ್ನಿಗೆ ಕೆಂಪು ಗುರುತು. ಪ್ಲಗಿನ್‌ನಲ್ಲಿ ತೂತು ಕಂಡರೆ ಮಾಡಿದವರು ಅದನ್ನು ಮುಚ್ಚಿ ಹೊಸತು ಕಳಿಸುತ್ತಾರೆ, ಆಗ ಈ ಗುರುತು ಬೀಳುತ್ತದೆ; ಅಪ್‌ಡೇಟ್ ಒತ್ತಿದರೆ ಮುಗಿಯಿತು.

"ಇದನ್ನು ಒತ್ತಲಿಲ್ಲ ಎಂತಕ್ಕೆ ಮಾವ?"

"ಈ ಬಿಸಿಲಿಗೆ ಯಾರಾದ್ರೂ ಕಸಿ ಮುಟ್ಟುದುಂಟಾ? ಒಂದು ಮಳೆ ಬೀಳ್ಲಿ ಅಂತ ಕಾದೆ."

ಹನ್ನೊಂದನ್ನೂ ಆ ಬಿಸಿಲಲ್ಲೇ ನಾನು ಒತ್ತಿದೆ.

ಆದರೆ ಕಳ್ಳ ಬಂದದ್ದು ಆ ಹನ್ನೊಂದರಿಂದ ಅಲ್ಲ. ಎರಡು ದಿನ ಫೈಲ್ ಫೈಲ್ ಹುಡುಕಿದ ಮೇಲೆ ದಾರಿ ಸಿಕ್ಕಿತು. ಆಫ್ ಮಾಡಿಟ್ಟ ಒಂದು ಪ್ಲಗಿನ್ ಅದು. ಮಾಡಿದವನೇ ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಮತ್ತೆ ಕೆಂಪು ಗುರುತು ಎಲ್ಲಿಂದ ಬರಬೇಕು? ಮಾವ ಆಫ್ ಮಾಡಿದ್ದರು, ಕಿತ್ತಿರಲಿಲ್ಲ. ಒಣಗಿದ ಗಿಡವನ್ನೂ ಒಂದು ಮಳೆಗಾಲ ಕಾಯುವ ಜನ! ಆಫ್ ಮಾಡಿದರೇನು, ಫೈಲು ಅಲ್ಲೇ, ತೂತೂ ಅಲ್ಲೇ. ಅದರಲ್ಲಿ ಚಿತ್ರ ಹಾಕಲು ಒಂದು ಕಿಂಡಿ ಇತ್ತು. ಬಂದದ್ದು ಚಿತ್ರವೇ ಹೌದಾ ಎಂದು ಅದು ನೋಡುತ್ತಿರಲಿಲ್ಲ.

ಆ ಪ್ಲಗಿನ್ ಓಡುವ ಸಾಲಿನದ್ದು. ನನ್ನ ಗೌನಿನ ಫೋಟೊ ಒಳಗೆ ಹೋದ ಕಿಂಡಿಯಲ್ಲೇ ಕಳ್ಳನೂ ಹೋಗಿದ್ದ.

"ತೆಗೀರಿ ಅಂತ ಹೇಳಿದ್ದೆನಲ್ಲ ಮಾವ?" ನನ್ನ ಸ್ವರ ಸ್ವಲ್ಪ ಏರಿತು.

ಮಾವ ಅಂಗಳದ ಕಡೆ ನೋಡಿದರು. "ಕೀಳ್ಲಿಕ್ಕೆ ಮನಸ್ಸು ಬರಲಿಲ್ಲ ಮಗಾ. ನಿನ್ನ ನಾಚಿಕೆ ಹೋದ ಮೇಲೆ ಪುನಃ ಹಾಕುವ ಅಂತ ಇಟ್ಟದ್ದು."

ನಾನು ಆ ಪ್ಲಗಿನ್ನನ್ನು ಕಿತ್ತೆ. ಹಿಮವನ್ನೂ ಗಡಿಯಾರವನ್ನೂ ಕಿತ್ತೆ. ಇನ್ನೊಂದು ಪ್ರತಿ ತೆಗೆದಿಟ್ಟೆ. ಮೂರನೇ ದಿನ ಸಂಜೆ ಮರಗಳೆಲ್ಲ ಒಂದೊಂದಾಗಿ ಪರದೆಗೆ ಮರಳಿದವು, ಬಿದ್ದವೂ ಸೇರಿ. ಕಡೆಗೆ ಪುಟದ ಬುಡದಲ್ಲಿ, ಯಾವ ಪ್ಲಗಿನ್ನೂ ಇಲ್ಲದೆ, ನಾನೇ ಒಂದು ಸಾಲು ಬರೆದೆ: 'ಇದನ್ನು ಮಾಡಿದವಳು ಅವರ ತಂಗಿಯ ಮಗಳು, ಬಿಸಿಎ.'

ಮಾವ ಕನ್ನಡಕ ಹಾಕಿ ತುಂಬಾ ಹೊತ್ತು ಕಾದರು.

"ಇದು ಓಡುದಿಲ್ವಾ?"

"ಇಲ್ಲ ಮಾವ. ಇದು ಇಲ್ಲೇ ಇರ್ತದೆ."