ಕಣ್ಣು, ವೇದ, ಋತು, ಚಂದ್ರ

ಹಳೇ ಕಾರುಗಳ ಸಹವಾಸದಲ್ಲಿ ದಿನಕ್ಕೊಂದು ತಮಾಷೆ ನಡೆಯದಿದ್ದರೆ, ಇವತ್ತು ಅಂಗಡಿ ಬಾಗಿಲೇ ತೆಗೆದಿಲ್ಲವೇನೋ ಅನ್ನಿಸುತ್ತದೆ. ಸವಳಂಗ ರಸ್ತೆಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಇಲ್ಲಿ ಹೇಳುವುದೆಲ್ಲ ಒಂದೇ ಕಾರಿನಿಂದ, ಎರಡೇ ದಿನದಲ್ಲಿ ನಡೆದದ್ದು. ಶುರು ಮಾಡಿದ್ದು ಮಾತ್ರ ನಾನೇ.

೧. ಕಳ್ಳ ಯಾರು

ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದ ಯಜಮಾನರೊಬ್ಬರು ಹಳೇ ಕಾರು ಕೊಂಡಿದ್ದರು. ಹೊಸ ಬ್ಯಾಟರಿ ಹಾಕಿಸಲು ಬಂದರು. ನಾನು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದೆ. ಕೀ ತಿರುಗಿಸಿದರೆ ಅಷ್ಟು ಹೊತ್ತು ಹಾಡುತ್ತಿದ್ದ ರೇಡಿಯೋ ತುಟಿ ಬಿಚ್ಚಲಿಲ್ಲ. ‘ಕೋಡ್’ ಎಂದು ಬರೆದು ತೋರಿಸಿತು.

ಕದ್ದವನ ಉಪಯೋಗಕ್ಕೆ ಬಾರದಿರಲಿ ಎಂದು ಆ ಕಾಲದ ಕೆಲವು ರೇಡಿಯೋಗಳಿಗೆ ಇಂಥದೊಂದು ಬೀಗ. ಕರೆಂಟು ತಪ್ಪಿತೋ, ನಾಲ್ಕಂಕಿಯ ಗುಟ್ಟಿನ ನಂಬರು ಒತ್ತುವವರೆಗೆ ಮಾತಿಲ್ಲ. ಬ್ಯಾಟರಿ ಬಿಚ್ಚುವ ಮುಂಚೆ ನಂಬರು ಇದೆಯಾ ಎಂದು ಕೇಳಬೇಕಿತ್ತು. ಇಪ್ಪತ್ತು ವರ್ಷದ ಅನುಭವದ ಜಂಬದಲ್ಲಿ ಕೇಳಿರಲಿಲ್ಲ.

ಇದನ್ನು ಬಿಡಿಸಿ ಹೇಳಿದಾಗ ಯಜಮಾನರ ಮುಖ ಇಳಿದುಹೋಯಿತು. ಮೊದಲೇ ರೆಕಾರ್ಡ್ ಮಾಡಿಸಿದ್ದ ಅವರ ಹೆಂಡತಿಯ ಸೋಬಾನೆ ಪದ ಮರುದಿನ ಹನ್ನೆರಡಕ್ಕೆ ಭದ್ರಾವತಿ ರೇಡಿಯೋದಲ್ಲಿ ಬರುವುದಿತ್ತು. ಪಾಳಿ ಕೆಲಸದ ದೆಸೆಯಿಂದ ಆಕೆ ಹಾಡುವಾಗಲೆಲ್ಲ ಇವರು ಅರ್ಧಕ್ಕೇ ಎದ್ದು ಓಡುತ್ತಿದ್ದರಂತೆ. ಈ ಸಲ ಕಾರಿನಲ್ಲಿ ಜೊತೆಗೆ ಕೂತು ಪೂರ್ತಿ ಕೇಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಮೊಬೈಲಿನಲ್ಲೂ ಬರುತ್ತದಲ್ಲ ಎಂದೆ. ಕಾರು ಎಂದು ಹೇಳಿಯಾಗಿದೆ ಎಂದರು.

“ಕಳ್ಳರ ಕೈಗೆ ಸಿಕ್ಕಿದ್ರೆ ಬಾಯಿ ಮುಚ್ಚುತ್ತೆ ಅಂತೀಯಲ್ಲ ಮಾರಾಯ. ಎರಡು ತಿಂಗಳು ನನ್ನ ಕೈಯಲ್ಲಿ ಹಾಡ್ತಿತ್ತು. ನೀನು ಮುಟ್ಟಿದ ಮೇಲೆ ತಾನೇ ಮುಚ್ಚಿದ್ದು?”

೨. ಟೋಕನ್ ನಂಬರು

ಮೊದಲು ನಾನು ನಾಲ್ಕು ಸೊನ್ನೆ ಒತ್ತಿದೆ. ಆಮೇಲೆ ಒಂದು, ಎರಡು, ಮೂರು, ನಾಲ್ಕು. ಯಜಮಾನರು ನನ್ನನ್ನು ಸರಿಸಿ ತಮ್ಮ ಕಾರ್ಖಾನೆಯ ಟೋಕನ್ ನಂಬರು ಒತ್ತಿದರು. ಮೂವತ್ತನಾಲ್ಕು ವರ್ಷ ಆ ನಂಬರು ಹೇಳಿದರೆ ಗೇಟು ತೆಗೆಯುತ್ತಿದ್ದರಂತೆ. ಅವರ ಭರವಸೆ ನೋಡಿ ನಾನೂ ನಂಬಿಬಿಟ್ಟೆ.

ಮೂರು ಸಲ ತಪ್ಪಿದ್ದಕ್ಕೆ ರೇಡಿಯೋ ಒಂದು ಗಂಟೆ ಮುನಿಸಿಕೊಂಡಿತು. ಆ ಗಂಟೆ ಕಳೆಯುವವರೆಗೆ ಕೀ ಆನ್ ಆಗಿಯೇ ಇರಬೇಕು. ಕೀ ಆಫ್ ಮಾಡಲೇಬೇಡಿ ಎಂದು ಸ್ವಲ್ಪ ಗದರಿಸಿಯೇ ಹೇಳಿದೆ. ಯಜಮಾನರು ಕೀ ಮೇಲೆ ಬಲಗೈ ಇಟ್ಟವರು ಒಂದು ಗಂಟೆ ಅಲ್ಲಾಡಲಿಲ್ಲ. ಟೀ ಕೂಡ ಎಡಗೈಯಲ್ಲೇ ಕುಡಿದರು.

೩. ಹೊಸಮನೆ ಮೇಷ್ಟ್ರು

ಕಾರಿನ ಪುಸ್ತಕದೊಳಗೆ ರೇಡಿಯೋದ ಒಂದು ಕಾರ್ಡು ಸಿಕ್ಕಿತು. ಅಚ್ಚಾಗಿದ್ದ ನಂಬರನ್ನು ಬ್ಲೇಡಿನಿಂದ ಕೆರೆದು, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: ಕಣ್ಣು, ವೇದ, ಋತು, ಚಂದ್ರ. ಯಾವುದೋ ಮಂತ್ರವಿರಬೇಕೆಂದು ಯಜಮಾನರು ಕಣ್ಣಿಗೊತ್ತಿಕೊಂಡರು. ಅದೇ ಪುಸ್ತಕದಲ್ಲಿ ಮೊದಲ ಮಾಲೀಕರ ಹೊಸಮನೆ ಬಡಾವಣೆಯ ವಿಳಾಸವಿತ್ತು. ಹೋದೆವು.

ಅವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಕಾರಿನ ಯಾವ ಬಾಗಿಲು ಎರಡು ಸಲ ಎಳೆದರೆ ಮಾತ್ರ ಮುಚ್ಚುತ್ತದೆ ಎಂದು ಮೊದಲು ಪರೀಕ್ಷೆ ಮಾಡಿದರು. ಹಿಂದಿನ ಎಡ ಬಾಗಿಲು ಎಂದ ಮೇಲೆಯೇ ನಾವು ಕಾರು ಕದ್ದವರಲ್ಲ ಎಂದು ಒಪ್ಪಿ ಒಳಗೆ ಕರೆದರು.

“ಹಿಂದಿನ ಪಂಡಿತರು ಅಂಕಿಗಳನ್ನ ಹೀಗೇ ಹೇಳ್ತಿದ್ರಪ್ಪ. ಕಣ್ಣು ಎರಡು, ವೇದ ನಾಲ್ಕು, ಋತು ಆರು, ಚಂದ್ರ ಒಂದು.”

ನಾನು ಮುಂದಿನ ಮಾತು ಕೇಳದೆ ಕಾರಿಗೆ ಓಡಿ ಎರಡು, ನಾಲ್ಕು, ಆರು, ಒಂದು ಒತ್ತಿದೆ. ತಪ್ಪು. ಮೇಷ್ಟ್ರು ನಿಧಾನಕ್ಕೆ ಗೇಟಿನ ತನಕ ಬಂದು, ಇದನ್ನು ಬಲದಿಂದ ಎಡಕ್ಕೆ ಓದಬೇಕು ಎಂದರು. ಒಂದು, ಆರು, ನಾಲ್ಕು, ಎರಡು. ರೇಡಿಯೋ ಹಾಡಿತು. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಕಾರಿನಲ್ಲಿಟ್ಟು ನಿಶ್ಚಿಂತೆಯಿಂದಿದ್ದ ಆ ತಲೆಗೆ ನಾನು ಮನಸಾರೆ ಕೈಮುಗಿದೆ. ಬಲದಿಂದ ಓದುವುದನ್ನು ಕಾರ್ಡಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ ಅವರೆಂದರು:

“ಅರ್ಧ ಪಾಠಕ್ಕೇ ಎದ್ದು ಓಡೋ ಕಳ್ಳ ಬಂದ್ರೆ ಸಿಕ್ಕಿಬೀಳ್ಲಿ ಅಂತ.”

೪. ಹನ್ನೆರಡು ಗಂಟೆ

ಮರುದಿನ ಹನ್ನೆರಡಕ್ಕೆ ಅಂಗಡಿಯ ರೇಡಿಯೋ ಹಚ್ಚಿ ಕೂತೆ. ಆಕೆಯ ಸೋಬಾನೆ ಶುರುವಾಯಿತು. ಅಷ್ಟರಲ್ಲಿ ಯಜಮಾನರ ಫೋನು.

ಕೀ ಆಫ್ ಮಾಡಬೇಡಿ ಎಂಬ ನನ್ನ ಮಾತನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಮನೆ ಮುಟ್ಟಿ ಎಂಜಿನ್ ನಿಲ್ಲಿಸಿದರೂ ರೇಡಿಯೋ ಆರದಂತೆ ಕೀಯನ್ನು ಅರ್ಧಕ್ಕೇ ಬಿಟ್ಟಿದ್ದರು. ಬೆಳಗಾಗುವುದರಲ್ಲಿ ಹೊಸ ಬ್ಯಾಟರಿ ಖಾಲಿ. ಪಕ್ಕದ ಮನೆಯವರ ಕಾರಿನಿಂದ ವೈರು ಎಳೆದು ಕರೆಂಟು ಕೊಟ್ಟರೆ ರೇಡಿಯೋ ಮತ್ತೆ ಕೋಡ್ ಕೇಳಿದೆ. ಇವರು ಗಾಬರಿಯಲ್ಲಿ ಎರಡು ಸಲ ಎಡದಿಂದಲೇ ಓದಿ ಒತ್ತಿದ್ದಾರೆ. ಮೂರನೆಯ ಸಲ, ಯಾವುದಕ್ಕೂ ಇರಲಿ ಎಂದು, ಅದೇ ಟೋಕನ್ ನಂಬರು. ಇನ್ನೊಂದು ಗಂಟೆ ರೇಡಿಯೋಕ್ಕೆ ಬಾಯಿಲ್ಲ. ಆಕೆಯ ಕಾರ್ಯಕ್ರಮ ಅರ್ಧ ಗಂಟೆಯದು.

ನನ್ನಿಂದಲೇ ತಪ್ಪಾಯಿತು ಎನ್ನುವಷ್ಟರಲ್ಲಿ ಫೋನಿನಲ್ಲೂ ಸೋಬಾನೆ ಕೇಳಿಸಿತು. ದನಿ ಅದೇ, ಸಾಲು ಬೇರೆ. ರೇಡಿಯೋ ಹತ್ತಿತಾ ಎಂದು ಕೇಳಿದೆ. ಎಲ್ಲಿ ಹತ್ತುತ್ತದೆ, ಪಕ್ಕದ ಸೀಟಿನಲ್ಲಿ ಕೂತು ಇವಳೇ ಹಾಡುತ್ತಿದ್ದಾಳೆ, ಬೀದಿಯವರೆಲ್ಲ ಕಾರಿನ ಸುತ್ತ ನಿಂತಿದ್ದಾರೆ ಎಂದರು. ನಾನು ಅಂಗಡಿಯ ರೇಡಿಯೋ ಆರಿಸಿ ಫೋನಿಗೇ ಕಿವಿಗೊಟ್ಟೆ. ಎಂಥ ಕಂಠ, ಎಂಥ ಗಟ್ಟಿಗಿತ್ತಿ.

ಪದ ಮುಗಿದ ಮೇಲೆ, ಈಗಲೇ ಹೊರಟು ಬಂದು ಸರಿ ಮಾಡುತ್ತೇನೆ ಎಂದೆ. ಆಕೆ ಗಂಡನ ಕೈಯಿಂದ ಫೋನು ತೆಗೆದುಕೊಂಡರು.

“ನಿಧಾನಕ್ಕೆ ಬಾರಪ್ಪ. ಇವರು ಕೀ ಮೇಲೆ ಕೈಯಿಟ್ಟು ಕೂತಿದ್ದಾರೆ, ಒಂದು ಗಂಟೆ ಎದ್ದು ಹೋಗೋ ಹಾಗಿಲ್ಲ. ನನ್ನ ಹಾಡು ಪೂರ್ತಿ ಕೇಳೋದು ಇವತ್ತೇ ಮೊದಲು.”